ಕೇಳೋಕೂ ದುಡ್ಡು, ಹಾಕೋಕೂ ದುಡ್ಡು: ಪ್ರಮೋಷನ್ ಚಾನೆಲ್‌ಗೂ ಸಬ್ಮಿಷನ್ ಸೈಟ್‌ಗೂ ಜಗಳ ಯಾಕೆ?

ದಾವಣಗೆರೆಯ ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಹಗಲು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಾನೆ, ರಾತ್ರಿ ಹಾಡು ಕಟ್ಟುತ್ತಾನೆ. ಜಾನಪದ ಧಾಟಿ, ಅದಕ್ಕೆ ಡಿಜೆ ಬೀಟ್. ಕಳೆದ ತಿಂಗಳು ಒಂದು ಸಂಜೆ ಬಂದು ಮೊಬೈಲನ್ನು ಮುಖದ ಮುಂದೆ ಹಿಡಿದ.

"ಅಣ್ಣಾ, ನನ್ನ ಹಾಡಿಗೆ ನಾನೇ ಕಾಪಿರೈಟ್ ಹಾಕೀನಂತೆ! ಚಾನೆಲ್‌ನೋರು ಬಾಯಿಗೆ ಬಂದಂಗೆ ಬೈಯಾಕತ್ತಾರೆ."

ಆದದ್ದು ಇಷ್ಟು. ಹಾಡು ಕಳಿಸಿಕೊಡುವ ಒಂದು ಸೈಟ್‌ಗೆ ದುಡ್ಡು ಕಟ್ಟಿ, ಹನ್ನೆರಡು ಚಾನೆಲ್‌ಗಳಿಗೆ ಹಾಡು ಕಳಿಸಿದ್ದ. ಹತ್ತು ಕಡೆ ಬೇಡ ಅಂದರು. ಒಬ್ಬರು "ಇನ್‌ಸ್ಟಾದಲ್ಲಿ ಮೆಸೇಜ್ ಮಾಡು, ಒಂದೂವರೆ ಸಾವಿರ ಕಳಿಸು, ಹಾಕ್ತೀವಿ" ಅಂದರು. ಇನ್ನೊಬ್ಬರು ಇಷ್ಟಪಟ್ಟು ಹಾಕಿದರು. ಹಾಕಿದ ಎರಡೇ ದಿನಕ್ಕೆ ಅವರ ವಿಡಿಯೋಗೆ ಕಾಪಿರೈಟ್ ಕ್ಲೇಮ್, ಅಂದರೆ ಈ ಹಾಡಿನ ಹಕ್ಕು ಬೇರೆಯವರದು ಅನ್ನುವ ತಕರಾರು ಬಂತು. ಚಾನೆಲ್‌ನವರು ಸೈಟ್ ಮೇಲೆ ಹರಿಹಾಯ್ದರು. ಸೈಟ್‌ನವರು "ನಾವು ಬರೀ ನಡುವಿನವರು" ಅಂದರು. ಕೊನೆಗೆ ಇಬ್ಬರೂ ಸೇರಿ ಹುಡುಗನ ಕಡೆ ಬೊಟ್ಟು ಮಾಡಿದರು.

ಈ ಮೂರು ಅನುಭವದಲ್ಲೇ ಇಡೀ ಜಗಳ ಅಡಗಿದೆ. ಮನೆಯಲ್ಲೇ ಹಾಡು ಮಾಡಿ ಬಿಡುವವರು ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಈಗ ಓಣಿಗೊಬ್ಬರು ಇದ್ದಾರೆ. ಅದಕ್ಕೆ ಬುಡದಿಂದ ಬಿಡಿಸಿ ನೋಡೋಣ.

ಯಾರು ಯಾರು ಇದ್ದಾರೆ ಇಲ್ಲಿ?

ಪ್ರಮೋಷನ್ ಚಾನೆಲ್ ಅಂದರೆ ಬೇರೆಯವರ ಹಾಡನ್ನು ತನ್ನ ಕೇಳುಗರಿಗೆ ಮುಟ್ಟಿಸುವ ಜಾಗ. ಯೂಟ್ಯೂಬ್ ಚಾನೆಲ್ ಇರಬಹುದು, ಇನ್‌ಸ್ಟಾಗ್ರಾಂ ಪೇಜ್ ಇರಬಹುದು, ಸ್ಪಾಟಿಫೈ ಪ್ಲೇಲಿಸ್ಟ್ ಇರಬಹುದು. ಕ್ಯಾಸೆಟ್ ಕಾಲದಲ್ಲಿ ದಾವಣಗೆರೆ–ಚಿತ್ರದುರ್ಗ ಖಾಸಗಿ ಬಸ್ಸಿನ ಡ್ರೈವರ್ ಯಾವ ಹಾಡು ಹಾಕುತ್ತಿದ್ದನೋ, ಇಳಿದವರೆಲ್ಲ ಅದನ್ನೇ ಗುನುಗುತ್ತಾ ಮನೆಗೆ ಹೋಗುತ್ತಿದ್ದರು. ಆ ಡ್ರೈವರ್ ಒಂಥರಾ ಪ್ರಮೋಷನ್ ಚಾನೆಲ್ಲೇ. ಈಗ ಅವನ ಜಾಗದಲ್ಲಿ ಕೂತವರಿಗೆ ಕ್ಯುರೇಟರ್ ಅನ್ನುತ್ತಾರೆ. ಹಾಡು ಆರಿಸುವವರು ಅಂದುಕೊಳ್ಳಿ.

ಸಬ್ಮಿಷನ್ ಸೈಟ್ ಅಂದರೆ ಹಾಡಿದವನಿಗೂ ಕ್ಯುರೇಟರ್‌ಗೂ ನಡುವೆ ಇರುವ ಕೌಂಟರ್. ಇದು ಹುಟ್ಟಿದ ಕತೆ ಸರಳ. ಇಂಡೀ ಶಫಲ್ ಅನ್ನುವ ಸಂಗೀತದ ಬ್ಲಾಗ್ ನಡೆಸುತ್ತಿದ್ದ ಜೇಸನ್ ಗ್ರಿಶ್ಕಾಫ್‌ಗೆ "ನನ್ನ ಹಾಡು ಕೇಳಿ" ಅನ್ನುವ ಮೇಲ್‌ಗಳು ರಾಶಿ ರಾಶಿ ಬರುತ್ತಿದ್ದವು. ಓದಿ ಮುಗಿಸೋಕೆ ಆಗದೆ 2015ರಲ್ಲಿ ಸಬ್ಮಿಟ್‌ಹಬ್ ಅನ್ನುವ ಸೈಟ್ ಕಟ್ಟಿದರು. ಸಣ್ಣ ಮೊತ್ತ ಕಟ್ಟಿದರೆ ನಿಮ್ಮ ಹಾಡನ್ನು ಕೇಳಿ ಉತ್ತರ ಕೊಡುತ್ತಾರೆ, ಅದೇ ವ್ಯವಹಾರ. 2018ರಲ್ಲಿ ಫ್ರಾನ್ಸ್‌ನಲ್ಲಿ ಗ್ರೂವರ್ ಶುರುವಾಯಿತು. ಆಮೇಲೆ ಇಂಥವು ಬಹಳ ಬಂದವು.

ಮೂರನೆಯವನು ಡಿಸ್ಟ್ರಿಬ್ಯೂಟರ್. ನಿಮ್ಮ ಹಾಡನ್ನು ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್‌ಗೆಲ್ಲ ತಲುಪಿಸುವ ಕಂಪನಿ. ಇವನನ್ನು ನೆನಪಿಟ್ಟುಕೊಳ್ಳಿ. ಜಗಳದಲ್ಲಿ ಇವನ ಹೆಸರನ್ನು ಯಾರೂ ಎತ್ತುವುದಿಲ್ಲ, ಆದರೆ ಅರ್ಧ ಗಂಟು ಇವನ ಹತ್ತಿರವೇ ಇರುತ್ತದೆ.

ದುಡ್ಡು ಯಾತಕ್ಕೆ ಕೊಟ್ಟದ್ದು?

ಹುಡುಗನಿಗೆ ನಾನು ಮೊದಲು ಕೇಳಿದ್ದು ಇದನ್ನೇ. "ಹಾಡು ಹಾಕ್ಲಿ ಅಂತ" ಅಂದ. ಬಹಳ ಜನ ಹೀಗೇ ತಿಳಿದಿರುತ್ತಾರೆ. ಇಂಥ ಸೈಟ್‌ಗಳಲ್ಲಿ ದುಡ್ಡು ಹೋಗುವುದು ಹಾಕುವುದಕ್ಕಲ್ಲ, ಕೇಳುವುದಕ್ಕೆ.

ಕಾಲೇಜಿನಲ್ಲಿ ಮರುಮೌಲ್ಯಮಾಪನಕ್ಕೆ ಫೀಸು ಕಟ್ಟುತ್ತೇವಲ್ಲ, ಹಾಗೆ. ಫೀಸು ಕಟ್ಟಿದ್ದೀನಿ, ಪಾಸು ಮಾಡಿ ಅಂತ ಯಾರೂ ಜಗಳ ಆಡುವುದಿಲ್ಲ. ಪೇಪರ್ ಮತ್ತೆ ನೋಡಿದರೋ ಇಲ್ಲವೋ ಅನ್ನುವುದಷ್ಟೇ ನಮ್ಮ ಪ್ರಶ್ನೆ. ಸಬ್ಮಿಟ್‌ಹಬ್‌ನ ಮೂಲ ನಿಯಮ ಹೀಗಿತ್ತು: ಕ್ಯುರೇಟರ್ ಕನಿಷ್ಠ 20 ಸೆಕೆಂಡು ಕೇಳಬೇಕು, 48 ಗಂಟೆಯೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ದುಡ್ಡು ವಾಪಸ್. ಗ್ರೂವರ್‌ನಲ್ಲಿ ಏಳು ದಿನದ ಗಡುವು. ಅಲ್ಲಿ ಒಬ್ಬ ಕ್ಯುರೇಟರ್‌ಗೆ ಹಾಡು ಕಳಿಸೋಕೆ ಶುರುವಿನಲ್ಲಿ ಇಟ್ಟ ದರ 2 ಯೂರೋ. ಅದರಲ್ಲಿ ಅರ್ಧ ಕ್ಯುರೇಟರ್‌ಗೆ, ಅರ್ಧ ಸೈಟ್‌ಗೆ.

ಇಲ್ಲೊಂದು ಜಾಣತನ ಇದೆ. ಹೌದು ಅಂದರೂ ಬೇಡ ಅಂದರೂ ಕ್ಯುರೇಟರ್‌ಗೆ ಸಿಗುವುದು ಅಷ್ಟೇ. ಒಪ್ಪಿದರೆ ಮಾತ್ರ ದುಡ್ಡು ಅಂತ ಇಟ್ಟಿದ್ದರೆ ಕಂಡಕಂಡ ಹಾಡನ್ನೆಲ್ಲ ಒಪ್ಪುತ್ತಿದ್ದರು. ಅದನ್ನು ತಪ್ಪಿಸೋಕೆ ಮಾಡಿದ ಏರ್ಪಾಡು ಇದು. ಆದರೆ ಇಲಿಗೆ ಹೆದರಿ ಬೆಕ್ಕು ಸಾಕಿದ ಹಾಗೆ, ಬೇರೆ ತೊಂದರೆ ಬಂತು. ಎಲ್ಲದಕ್ಕೂ "ಚೆನ್ನಾಗಿದೆ, ಆದರೆ ನಮ್ಮ ಚಾನೆಲ್‌ಗೆ ಹೊಂದುವುದಿಲ್ಲ" ಅಂತ ಒಂದೇ ಸಾಲನ್ನು ಅಂಟಿಸುತ್ತಾ ಕೂತರೂ ದುಡ್ಡು ಬರುತ್ತದೆ! ಹುಡುಗನಿಗೆ ಬಂದ ಹತ್ತು ಉತ್ತರದಲ್ಲಿ ನಾಲ್ಕು ಹೆಚ್ಚೂಕಮ್ಮಿ ಅಕ್ಷರ ಬಿಡದೆ ಒಂದೇ ಥರ ಇದ್ದವು.

ಸೈಟ್‌ಗಳು ಇದನ್ನು ತಡೆಯೋಕೆ ನೋಡುತ್ತವೆ. ಉತ್ತರ ಇಷ್ಟು ಪದ ಇರಬೇಕು ಅನ್ನುತ್ತವೆ. ನೂರು ಹಾಡು ಬಂದರೆ ಎಷ್ಟನ್ನು ಒಪ್ಪಿದ್ದಾರೆ ಅನ್ನುವ ಲೆಕ್ಕವನ್ನು ಕ್ಯುರೇಟರ್ ಹೆಸರಿನ ಪಕ್ಕದಲ್ಲೇ ತೋರಿಸುತ್ತವೆ. ಹಾಡು ಕಳಿಸಿದವರಿಂದ ಅಂಕ ಕೊಡಿಸುತ್ತವೆ. ಅಂಕ ತೀರಾ ಇಳಿದರೆ ಕ್ಯುರೇಟರ್ ಪಟ್ಟಿಯಿಂದ ಹೊರಗೆ.

ಚಾನೆಲ್‌ನವರ ಸಿಟ್ಟು ಹುಟ್ಟುವುದು ಇಲ್ಲೇ, ಮತ್ತು ಅವರ ಮಾತಿನಲ್ಲೂ ಹುರುಳಿದೆ. ಒಂದು ಹಾಡು ಕೇಳಿ, ಯೋಚಿಸಿ, ನಾಲ್ಕು ಸಾಲು ಬರೆದರೆ ಸಿಗುವುದು ನೂರು ರೂಪಾಯಿ ಆಸುಪಾಸು. ಬೇಡ ಅಂದದ್ದಕ್ಕೆ ಸಿಟ್ಟಾದವನು ಕಡಿಮೆ ಅಂಕ ಕೊಡುತ್ತಾನೆ. ಫೇಲಾದ ಹುಡುಗನೇ ಮೇಷ್ಟ್ರಿಗೆ ಮಾರ್ಕ್ಸ್ ಹಾಕಿದರೆ ಹೇಗಿರುತ್ತೆ? "ಕೇಳುಗರನ್ನು ವರ್ಷಗಟ್ಟಲೆ ಕೂಡಿಸಿದ್ದು ನಾನು. ನಡುವೆ ಕೂತವನು ಅರ್ಧ ಯಾಕೆ ತಗೋಬೇಕು?" ಅನ್ನುವುದು ಅವರ ವಾದ. "ನಾನು ಕೌಂಟರ್ ಇಟ್ಟಿಲ್ಲದಿದ್ದರೆ ಆ ಹಾಡು ನಿನ್ನ ಹತ್ತಿರ ಬರುತ್ತಲೇ ಇರಲಿಲ್ಲ" ಅನ್ನುವುದು ಸೈಟ್‌ನ ವಾದ.

ಹಾಕೋಕೆ ದುಡ್ಡು ತಗೊಂಡರೆ ತಪ್ಪೇನು?

ಇದು ಇಂಟರ್‌ನೆಟ್ ತಂದ ಪ್ರಶ್ನೆ ಅಲ್ಲ. 1950ರ ದಶಕದ ಅಮೆರಿಕದಲ್ಲಿ ರೇಡಿಯೋದಲ್ಲಿ ಹಾಡು ಹಾಕುವವರು ರೆಕಾರ್ಡ್ ಕಂಪನಿಗಳಿಂದ ಕದ್ದುಮುಚ್ಚಿ ದುಡ್ಡು ತಿನ್ನುತ್ತಿದ್ದರು. ಅದಕ್ಕೆ ಪೇಯೋಲಾ ಅಂತ ಹೆಸರೇ ಬಿತ್ತು. 1959ರಲ್ಲಿ ಅಲ್ಲಿನ ಸಂಸತ್ತು ವಿಚಾರಣೆಗೆ ಇಳಿಯಿತು. ರಾಕ್ ಅಂಡ್ ರೋಲ್ ಅನ್ನುವ ಹೆಸರನ್ನು ಮನೆಮಾತು ಮಾಡಿದ ಅಲನ್ ಫ್ರೀಡ್ ಅನ್ನುವ ಹೆಸರಾಂತ ರೇಡಿಯೋ ನಿರೂಪಕ ಕೆಲಸ ಕಳೆದುಕೊಂಡ. 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದ. ದಂಡ ಸಣ್ಣದು, ಹೋದ ಮಾನ ಮಾತ್ರ ಮತ್ತೆ ಬರಲಿಲ್ಲ.

1960ರಲ್ಲಿ ಅಲ್ಲಿ ಬಂದ ಕಾನೂನಿನ ತಿರುಳು ಏನು ಗೊತ್ತಾ? ದುಡ್ಡು ತಗೋಬೇಡಿ ಅಂತಲ್ಲ. ತಗೊಂಡಿದ್ದನ್ನು ಕೇಳುಗರಿಗೆ ಹೇಳಿ ಅಂತ. ಕೇಳುಗ ಇದನ್ನು ಜಾಹೀರಾತು ಅಂತ ತಿಳಿದು ಕೇಳಬೇಕು, ಯಾರೋ ಮೆಚ್ಚಿ ಹಾಕಿದ್ದಾರೆ ಅಂತ ಮೋಸ ಹೋಗಬಾರದು.

ಈ ಕಾನೂನು ಅಲ್ಲಿನ ರೇಡಿಯೋ, ಟಿವಿಗೆ ಬಂದದ್ದು. ಈಗ ಅದೇ ಲೆಕ್ಕದಲ್ಲಿ ಒಂದೊಂದು ವೇದಿಕೆಯೂ ತನ್ನ ನಿಯಮ ಮಾಡಿಕೊಂಡಿದೆ. ದುಡ್ಡು ಕೊಟ್ಟು ಪ್ಲೇಲಿಸ್ಟ್‌ಗೆ ಹಾಡು ಸೇರಿಸುವುದನ್ನು ಸ್ಪಾಟಿಫೈ ಒಪ್ಪುವುದಿಲ್ಲ. ಯೂಟ್ಯೂಬ್‌ನಲ್ಲಿ ಹಣ ಪಡೆದು ಹಾಕಿದ ವಿಡಿಯೋಗೆ 'ಪೇಯ್ಡ್ ಪ್ರಮೋಷನ್' ಅಂತ ಗುರುತು ಹಾಕಬೇಕು. ನಮ್ಮ ದೇಶದಲ್ಲಿ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಸಂಸ್ಥೆ 2021ರಲ್ಲಿ ಸೋಷಿಯಲ್ ಮೀಡಿಯಾದವರಿಗೂ ಇದೇ ಥರದ ಮಾರ್ಗಸೂಚಿ ತಂದಿತು. ಹಾಗಾಗಿ ಒಂದು ಪೇಜ್‌ನವರು "ಇದು ಜಾಹೀರಾತು, ಇಷ್ಟು ದರ" ಅಂತ ನೇರವಾಗಿ ಹೇಳಿ ಹಾಡು ಹಾಕಿದರೆ ಅದು ಒಂದು ವ್ಯಾಪಾರ. ಮೆಚ್ಚಿ ಹಾಕಿದ ಹಾಗೆ ನಟಿಸಿದರೆ ತಕರಾರು.

"ಇನ್‌ಸ್ಟಾಗೆ ಬಾ, ಅಲ್ಲಿ ಮಾತಾಡೋಣ"

ಈಗ ಆ ಒಂದೂವರೆ ಸಾವಿರದ ವಿಷಯ. ಸೈಟ್ ಮೂಲಕ ಬಂದ ಹಾಡನ್ನು ಹೊರಗೆ ಎಳೆದುಕೊಂಡು ಹೋಗಿ ಬೇರೆ ದುಡ್ಡು ಕೇಳುವುದು. ಸೈಟ್‌ಗಳಿಗೂ ಚಾನೆಲ್‌ಗಳಿಗೂ ನಡುವೆ ಅತಿ ಹೆಚ್ಚು ಮನಸ್ತಾಪ ತರುವುದು ಇದೇ.

ನಮ್ಮ ಕಡೆಯವರಿಗೆ ಇದನ್ನು ವಿವರಿಸೋದು ಸುಲಭ. ಮೆಕ್ಕೆಜೋಳದ ಕಾಲದಲ್ಲಿ ಎಪಿಎಂಸಿಗೆ ಹೋಗಿ ನೋಡಿದ್ದೀರಲ್ಲ. ರೈತ ಮಾಲು ತಂದು ದಲ್ಲಾಳಿ ಅಂಗಡಿ ಮುಂದೆ ಸುರಿಯುತ್ತಾನೆ. ಟೆಂಡರ್ ಆಗುತ್ತೆ, ತೂಕ ಆಗುತ್ತೆ, ಚೀಟಿ ಸಿಗುತ್ತೆ. ಇದರ ಜೊತೆಗೆ ಹಳ್ಳಿಗೇ ಲಾರಿ ತಂದು ಕಣದಲ್ಲೇ ಕೊಳ್ಳುವವರೂ ಇದ್ದಾರೆ. ಕೆಲವು ಸಲ ಅಲ್ಲಿ ರೇಟು ಚೆನ್ನಾಗೇ ಸಿಗುತ್ತೆ. ಆದರೆ ತೂಕದಲ್ಲಿ ಹೊಡೆದರೆ, ದುಡ್ಡು ಆಮೇಲೆ ಅಂದವನು ಫೋನ್ ಎತ್ತದಿದ್ದರೆ, ತೋರಿಸೋಕೆ ಕೈಯಲ್ಲಿ ಚೀಟಿ ಇರಲ್ಲ.

ಸೈಟ್‌ನ ಹೊರಗೆ ವ್ಯವಹಾರ ಮಾಡಿದರೂ ಹಾಗೇ. ಹಾಡು ಹಾಕಿ ಎರಡು ದಿನಕ್ಕೆ ತೆಗೆದರೆ ಕೇಳುವವರಿಲ್ಲ. ಸೈಟ್ "ನಮ್ಮ ಮೂಲಕ ಆಗಿಲ್ಲ" ಅನ್ನುತ್ತದೆ. ಇಂಥದ್ದು ಕಂಡರೆ ಚಾನೆಲ್ ಅನ್ನೇ ಪಟ್ಟಿಯಿಂದ ತೆಗೆದು ಹಾಕುವ ಸೈಟ್‌ಗಳಿವೆ. ಚಾನೆಲ್‌ನವರು ಕೇಳುವುದೂ ಒಂದಿದೆ: "ಹುಡುಗ ಇನ್‌ಸ್ಟಾದಲ್ಲಿ ತಾನಾಗಿಯೇ ಬಂದರೆ? ಅವನ ಜೊತೆ ಮಾತಾಡೋಕೂ ಸೈಟ್‌ನ ಅಪ್ಪಣೆ ಬೇಕಾ?" ಇದಕ್ಕೆ ಉತ್ತರ ಆ ಸೈಟ್‌ನ ಒಪ್ಪಂದದಲ್ಲಿ ಇರುತ್ತದೆ. ಒಂದೊಂದರಲ್ಲಿ ಒಂದೊಂದು ಥರ. ಅದನ್ನು ಓದದೆ 'ಒಪ್ಪಿದ್ದೇನೆ' ಒತ್ತಿದವರೇ ಜಾಸ್ತಿ.

ಎಪಿಎಂಸಿ ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ನಿಯಮದ ಪ್ರಕಾರ ದಲ್ಲಾಳಿ ತನ್ನ ಕಮಿಷನ್ ಅನ್ನು ಕೊಳ್ಳುವವನಿಂದ ಪಡೆಯಬೇಕು, ರೈತನಿಂದ ಹಿಡಿಯುವಂತಿಲ್ಲ. ಹಾಡಿನ ಮಂಡಿಯಲ್ಲಿ ಉಲ್ಟಾ. ಮಾಲು ತಂದವನೇ ಕೈಯಿಂದ ಕಟ್ಟಬೇಕು, ಮಾರಾಟವಾಗದಿದ್ದರೂ.

ಕೇಳದೇ ಹೆಸರು ಹಾಕಿಕೊಳ್ಳುವವರು

ಕೆಲವು ಸೈಟ್‌ಗಳು "500 ಚಾನೆಲ್‌ಗೆ ನಿಮ್ಮ ಹಾಡು ಕಳಿಸುತ್ತೇವೆ" ಅನ್ನುತ್ತವೆ. ಆ ಚಾನೆಲ್‌ಗಳಿಗೆ ಇದು ಗೊತ್ತೇ ಇರುವುದಿಲ್ಲ. ಚಾನೆಲ್ ಪುಟದಲ್ಲಿ ಇರುವ ಮೇಲ್ ವಿಳಾಸ ಕಲೆಹಾಕಿ ಒಟ್ಟಿಗೆ ಮೇಲ್ ಬಿಟ್ಟರೆ ಮುಗಿಯಿತು. ಚಾನೆಲ್‌ನವರಿಗೆ ಕಸದ ರಾಶಿ ಬರುತ್ತದೆ, ಮೇಲಿಂದ "ದುಡ್ಡು ಕಟ್ಟಿದ್ದೀನಿ, ಯಾಕೆ ಹಾಕಿಲ್ಲ?" ಅಂತ ಬೈಗುಳ ಬೇರೆ. ಅವರಿಗೆ ಬಂದ ದುಡ್ಡು ಸೊನ್ನೆ. ಇಲ್ಲಿ ಮಾತ್ರ ತಪ್ಪು ಯಾರದ್ದು ಅಂತ ತೂಗಿ ನೋಡಬೇಕಾಗಿಲ್ಲ.

ನನ್ನ ಹಾಡಿಗೆ ನಂದೇ ಕಾಪಿರೈಟ್!

ಹುಡುಗನ ನಿಜವಾದ ಗೋಳು ಇದು. ಎರಡು ಪದಗಳನ್ನು ಮೊದಲು ಬೇರೆ ಮಾಡಿಕೊಳ್ಳೋಣ: ಕ್ಲೇಮ್ ಮತ್ತು ಸ್ಟ್ರೈಕ್.

ಯೂಟ್ಯೂಬ್‌ನಲ್ಲಿ 2007ರಿಂದ ಕಂಟೆಂಟ್ ಐಡಿ ಅನ್ನುವ ಯಂತ್ರ ಇದೆ. ಹಕ್ಕಿರುವವರು ತಮ್ಮ ಹಾಡಿನ ಮಾದರಿಯನ್ನು ಅದರ ಕೈಗೆ ಕೊಟ್ಟಿರುತ್ತಾರೆ. ಹೆಬ್ಬೆಟ್ಟಿನ ಗುರುತು ಇದ್ದಂಗೆ. ಯಾರಾದರೂ ವಿಡಿಯೋ ಹಾಕಿದರೆ ಯಂತ್ರ ಆ ಗುರುತಿಗೆ ಹೊಂದಿಸಿ ನೋಡುತ್ತದೆ. ಹೊಂದಿದರೆ ಕ್ಲೇಮ್. ಆಮೇಲೆ ವಿಡಿಯೋ ತಡೆಯಬಹುದು, ಅದರ ಜಾಹೀರಾತಿನ ದುಡ್ಡನ್ನು ಹಕ್ಕುದಾರನಿಗೆ ತಿರುಗಿಸಬಹುದು, ಇಲ್ಲಾ ಎಷ್ಟು ಜನ ನೋಡಿದರು ಅಂತ ಸುಮ್ನೆ ಲೆಕ್ಕ ಇಡಬಹುದು. ಕ್ಲೇಮ್ ಬಂದರೆ ದುಡ್ಡು ಹೋಗಬಹುದು, ಚಾನೆಲ್‌ಗೆ ಕಪ್ಪುಚುಕ್ಕೆ ಬೀಳುವುದಿಲ್ಲ.

ಸ್ಟ್ರೈಕ್ ಬೇರೆ. ಹಕ್ಕುದಾರ ಕಾನೂನಿನ ಪ್ರಕಾರ ಅರ್ಜಿ ಹಾಕಿ ವಿಡಿಯೋ ತೆಗೆಸಿದರೆ ಅದು ಸ್ಟ್ರೈಕ್. 90 ದಿನದಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಬೇರೆಯವರ ಹಾಡಿನ ಮೇಲೇ ಬದುಕುವ ಚಾನೆಲ್‌ಗೆ ಇದರ ಭಯ ಎಷ್ಟಿರಬೇಡ! ಕ್ಲೇಮ್ ಕಂಡರೂ ಅವರು ಹಾರಿಬೀಳುವುದು ಅದಕ್ಕೇ.

ನಮ್ಮ ಹುಡುಗ ಡಿಸ್ಟ್ರಿಬ್ಯೂಟರ್ ಆ್ಯಪ್‌ನಲ್ಲಿ ಹಾಡು ಏರಿಸುವಾಗ 'ಯೂಟ್ಯೂಬ್ ಕಂಟೆಂಟ್ ಐಡಿ' ಅನ್ನುವ ಚೌಕಕ್ಕೆ ಟಿಕ್ ಹಾಕಿದ್ದ. ಏನು ಅಂತ ಗೊತ್ತಿರಲಿಲ್ಲ, ಇರಲಿ ಅಂತ ಹಾಕಿದ್ದ. ಅಲ್ಲಿಗೆ ಡಿಸ್ಟ್ರಿಬ್ಯೂಟರ್ ಅವನ ಪರವಾಗಿ ಗುರುತು ಕೊಟ್ಟಾಯಿತು. ಇತ್ತ ಅವನೇ ಕಳಿಸಿದ ಹಾಡನ್ನು ಚಾನೆಲ್ ಹಾಕಿತು. ಯಂತ್ರಕ್ಕೆ ಇವರಿಬ್ಬರ ಸ್ನೇಹ ಏನು ಗೊತ್ತು? ಹಿಡಿಯಿತು. ಹೊಲಕ್ಕೆ ಕರೆಂಟ್ ಬೇಲಿ ಹಾಕಿಸಿ, ಸ್ವಿಚ್ ಆರಿಸದೇ ನೆಂಟರನ್ನು ಕರೆದ ಹಾಗಾಯಿತು.

ಇದಕ್ಕೆ ದಾರಿ ಇದೆ. ಡಿಸ್ಟ್ರಿಬ್ಯೂಟರ್‌ಗಳ ಹತ್ತಿರ ಅನುಮತಿ ಪಟ್ಟಿ ಇರುತ್ತದೆ, ವೈಟ್‌ಲಿಸ್ಟ್ ಅನ್ನುತ್ತಾರೆ. ಚಾನೆಲ್‌ನ ಲಿಂಕ್ ಅಲ್ಲಿ ಸೇರಿಸಿದರೆ ಆ ಚಾನೆಲ್ ಮೇಲೆ ಕ್ಲೇಮ್ ಬರುವುದಿಲ್ಲ. ಬಂದ ಮೇಲೂ ಬಿಡಿಸಬಹುದು. ಚಾನೆಲ್‌ನವರೂ ತಕರಾರು ಸಲ್ಲಿಸಬಹುದು, ಕ್ಲೇಮ್ ಹಾಕಿದವರು 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ.

ಇದಕ್ಕಿಂತ ಕಷ್ಟದ್ದು ಬೀಟ್, ಅಂದರೆ ಹಾಡಿನ ಹಿಂದೆ ಹಾಕುವ ರೆಡಿಮೇಡ್ ಸಂಗೀತದ ವಿಷಯ. ಇಂಟರ್‌ನೆಟ್‌ನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ ಬೀಟ್ ನಿಮಗೊಬ್ಬರಿಗೇ ಮಾರಿದ್ದಲ್ಲ. ಬಾಡಿಗೆ ಶಾಮಿಯಾನ ಇದ್ದಂಗೆ, ಅದೇ ಬೀಟ್ ನೂರು ಜನರ ಹಾಡಿನಲ್ಲಿ ಇರುತ್ತದೆ. ಅವರಲ್ಲಿ ಒಬ್ಬ ಕಂಟೆಂಟ್ ಐಡಿಗೆ ಕೊಟ್ಟರೆ ಉಳಿದವರಿಗೆಲ್ಲ ಕ್ಲೇಮ್. ಹಾಗಾಗಿಯೇ ಬಾಡಿಗೆ ಬೀಟ್ ಇರುವ ಹಾಡನ್ನು ಕಂಟೆಂಟ್ ಐಡಿಗೆ ಕೊಡಬೇಡಿ ಅಂತ ಡಿಸ್ಟ್ರಿಬ್ಯೂಟರ್‌ಗಳು ಹೇಳುವುದು.

ಹಾಡು ಕೊಡುವುದು ಅಂದರೆ ಏನು ಕೊಟ್ಟಂತೆ ಅನ್ನುವುದಕ್ಕೆ ನಮ್ಮ 1957ರ ಕಾಪಿರೈಟ್ ಕಾಯ್ದೆ ನೋಡಬೇಕು. ಸಾಹಿತ್ಯ ಒಂದು ಹಕ್ಕು, ರಾಗ ಸಂಯೋಜನೆ ಇನ್ನೊಂದು, ರೆಕಾರ್ಡಿಂಗ್ ಮತ್ತೊಂದು. ಹಕ್ಕನ್ನು ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಎಣಿಸುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಅಂತ. ಹಾಡು ಹಾಕೋಕೆ ಅನುಮತಿ ಕೊಡುವುದು ಬೇರೆ, ಹಕ್ಕು ಬರೆದುಕೊಡುವುದು ಬೇರೆ. ಮನೆ ಬಾಡಿಗೆಗೆ ಕೊಟ್ಟದ್ದಕ್ಕೂ ಕ್ರಯಕ್ಕೆ ಕೊಟ್ಟದ್ದಕ್ಕೂ ಇರುವಷ್ಟೇ ವ್ಯತ್ಯಾಸ. ಕೆಲವು ಚಾನೆಲ್‌ಗಳು ಕಳಿಸುವ ಫಾರ್ಮ್‌ನಲ್ಲಿ ಎರಡನೆಯದನ್ನೇ ಬರೆದಿರುತ್ತಾರೆ. ಇನ್ನು ಜಾನಪದ ಧಾಟಿ ಯಾರೊಬ್ಬರ ಆಸ್ತಿಯೂ ಅಲ್ಲ. ಆದರೆ ಅದೇ ಧಾಟಿಗೆ ಒಬ್ಬರು ಹಾಡಿ ರೆಕಾರ್ಡ್ ಮಾಡಿದ್ದರೆ ಆ ರೆಕಾರ್ಡಿಂಗ್‌ಗೆ ಹಕ್ಕಿದೆ. ಅದರಿಂದ ತುಣುಕು ಕತ್ತರಿಸಿ ಅಂಟಿಸಿಕೊಳ್ಳುವಂತಿಲ್ಲ.

ಸುಳ್ಳು ಕಿವಿಗಳು

ಲಕ್ಷ ಫಾಲೋವರ್ಸ್ ಇರುವ ಪೇಜ್‌ನಲ್ಲಿ ಹಾಡಿಗೆ ಹತ್ತು ಲೈಕ್ ಬಂದರೆ ಆ ಲಕ್ಷ ಎಲ್ಲಿಂದ ಬಂತು ಅಂತ ಕೇಳಲೇಬೇಕು. ದುಡ್ಡು ಕೊಟ್ಟು ಕೊಂಡ ಫಾಲೋವರ್ಸ್, ಮನುಷ್ಯರ ಬದಲು ಯಂತ್ರ ಕೇಳುವ ಪ್ಲೇಲಿಸ್ಟ್, ಇವುಗಳಿಂದ ಸೈಟ್ ಹೆಸರೂ ಕೆಡುತ್ತದೆ. ಅನುಮಾನ ಬಂದ ಚಾನೆಲ್‌ಗಳನ್ನು ಸೈಟ್‌ನವರು ತೆಗೆದರೆ, "ಪುರಾವೆ ಕೊಡಿ" ಅಂತ ಇನ್ನೊಂದು ಜಗಳ. ಪೆಟ್ಟು ಬೀಳುವುದು ಮಾತ್ರ ಹಾಡಿದವನಿಗೆ. ಸುಳ್ಳು ಕೇಳುಗರು ಸಿಕ್ಕಿಬಿದ್ದರೆ ಸ್ಪಾಟಿಫೈ ಆ ಲೆಕ್ಕ ಅಳಿಸುತ್ತದೆ. 2024ರಿಂದ ಕೃತಕ ಕೇಳಿಕೆ ತೀರಾ ಜಾಸ್ತಿ ಇದ್ದರೆ ಡಿಸ್ಟ್ರಿಬ್ಯೂಟರ್‌ಗೆ ದಂಡವನ್ನೂ ಹಾಕುತ್ತದೆ. ಅವರು ಅದನ್ನು ನಿಮ್ಮ ಖಾತೆಗೆ ದಾಟಿಸಬಹುದು, ಇಲ್ಲಾ ಹಾಡನ್ನೇ ಕಿತ್ತುಹಾಕಬಹುದು. ಅದೇ ವರ್ಷದಿಂದ, 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈನಲ್ಲಿ ರೆಕಾರ್ಡಿಂಗ್ ಸಂಭಾವನೆ ಇಲ್ಲ. ಆ ಸಾವಿರ ಮುಟ್ಟುವ ಆತುರದಲ್ಲೇ ಬಹಳ ಹುಡುಗರು ಈ ಬಲೆಗೆ ಬೀಳುವುದು.

ಕಳಿಸುವ ಮುಂಚೆ, ಕೆಟ್ಟ ಮೇಲೆ

ಹನ್ನೆರಡು ಕಡೆ ಒಮ್ಮೆಗೇ ಕಳಿಸುವುದಕ್ಕಿಂತ ಎರಡು ಕಡೆ ಕಳಿಸಿ, ಉತ್ತರ ಹೇಗಿದೆ ಅಂತ ನೋಡುವುದು ಅಗ್ಗ. ಆ ಚಾನೆಲ್ ಹಿಂದೆ ಹಾಕಿದ ಹಾಡುಗಳ ಕೆಳಗಿನ ಕಾಮೆಂಟ್ ಓದಿ. ನಿಜವಾದ ಜನ ಊರಿನ ಹೆಸರು ಹಾಕುತ್ತಾರೆ, ತಪ್ಪು ಹುಡುಕುತ್ತಾರೆ, ಜಗಳ ಆಡುತ್ತಾರೆ. ಬರೀ ಬೆಂಕಿ ಚಿತ್ರ ಇದ್ದರೆ ಅನುಮಾನ ಪಡಿ. ವಿದೇಶಿ ಸೈಟ್‌ಗಳ ಪಟ್ಟಿಯಲ್ಲಿ ಕನ್ನಡ ಗೊತ್ತಿರುವ ಕ್ಯುರೇಟರ್‌ಗಳು ಸಿಗುವುದು ಅಪರೂಪ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಪುಕ್ಕಟೆ ದಾರಿಯೂ ಒಂದಿದೆ. ಸ್ಪಾಟಿಫೈನ ಸ್ವಂತ ಸಂಪಾದಕರಿಗೆ 'ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್' ಅನ್ನುವ ಕಲಾವಿದರ ಖಾತೆ ಮೂಲಕ ಹಾಡು ಕಳಿಸುವ ಏರ್ಪಾಡು 2018ರಿಂದ ಇದೆ. ಬಿಡುಗಡೆಗೆ ಮುಂಚೆಯೇ ಕಳಿಸಬೇಕು, ಕನಿಷ್ಠ ಏಳು ದಿನ ಮೊದಲು ಕಳಿಸಿದರೆ ಒಳ್ಳೆಯದು. ಆರಿಸುತ್ತಾರೆ ಅನ್ನುವ ಖಾತ್ರಿ ಇಲ್ಲ, ದುಡ್ಡೂ ಹೋಗುವುದಿಲ್ಲ.

ಕೆಟ್ಟ ಮೇಲೆ ಮೊದಲು ಹೋಗಬೇಕಾದ್ದು ಸೈಟ್‌ನ ದೂರು ಪುಟಕ್ಕೆ, ಸ್ಕ್ರೀನ್‌ಶಾಟ್ ಸಮೇತ. ಸೇವೆಯಲ್ಲಿ ಕೊರತೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ದುಡ್ಡು ಹಾಕಿಸಿಕೊಂಡು ಬ್ಲಾಕ್ ಮಾಡಿ ಹೋದರೆ ಅದು ಸೈಬರ್ ವಂಚನೆ, 1930ಕ್ಕೆ ಎಷ್ಟು ಬೇಗ ಫೋನ್ ಮಾಡಿದರೆ ಅಷ್ಟು ಒಳ್ಳೆಯದು.

ಹುಡುಗನ ಹಾಡಿನ ವಿಷಯ ಹೇಳುವುದು ಬಾಕಿ ಉಳಿಯಿತು. ಅವತ್ತೇ ಕೂತು ಡಿಸ್ಟ್ರಿಬ್ಯೂಟರ್ ಆ್ಯಪ್‌ನಲ್ಲಿ ಆ ಚಾನೆಲ್ ಲಿಂಕ್ ಅನ್ನು ಅನುಮತಿ ಪಟ್ಟಿಗೆ ಸೇರಿಸಿದೆವು. ಮೂರು ದಿನಕ್ಕೆ ಕ್ಲೇಮ್ ಹೋಯಿತು. ಅಷ್ಟು ಬೈದಿದ್ದ ಚಾನೆಲ್‌ನವರು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದರು. ಒಂದೂವರೆ ಸಾವಿರ ಕೇಳಿದವರು ಈಗ ಎಂಟುನೂರಕ್ಕೆ ಇಳಿದಿದ್ದಾರಂತೆ. ಸೈಟ್‌ಗೆ ಹಾಕಿದ ದೂರು ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ.